ರಕ್ತ ಪರಿಚಲನೆಯ ರಾಗ

ಜೂನ್ ೧೦, ಸೋಮವಾರ

ಇವತ್ತಿನಿಂದ ನಾನೂ ಒಂದು ಲೆಕ್ಕದಲ್ಲಿ ಮೇಷ್ಟ್ರು. ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಹಾನುಭಾವರು ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

ಇದನ್ನು ಬರೆಯಲು ಹಚ್ಚಿದವಳು ತಂಗಿ. ಬೆಳಿಗ್ಗೆ ಕಾಫಿ ಹೀರುತ್ತ ಸರ್ಕಸ್ಸಿನ ಹುಲಿ ಬೋನು ಬಿಟ್ಟು ಹೊರಬಂದ ಕತೆ ಶುರುಮಾಡಿದ್ದೆ. "ಅಣ್ಣಾ, ಆ ಹುಲಿ ಪ್ರತಿ ಸಲಾನೂ ಒಂದು ಮೊಳ ಉದ್ದ ಆಗುತ್ತೆ. ನಿನ್ನ ಪ್ರತಾಪನೆಲ್ಲ ಒಂದು ಪುಸ್ತಕದಲ್ಲಿ ಬರ್ಕೋ. ನಮ್ಮ ಕಿವಿಗೆ ಸ್ವಲ್ಪ ರಜೆ ಕೊಡು" ಅಂದಳು. ಸರಿ, ಪುಸ್ತಕಕ್ಕೆ ಕಿವಿ ಇಲ್ಲ, ತಕರಾರೂ ಇಲ್ಲ.

ಸರ್ಕಸ್ಸು ಮುಚ್ಚಿದ ಮೇಲೆ ಕೀಬೋರ್ಡನ್ನೂ ಟ್ರಂಕನ್ನೂ ಹೊತ್ತು ನಾಲ್ಕು ದಿನಕ್ಕೆಂದು ಇವಳ ಮನೆಗೆ ಬಂದವನು ಇಲ್ಲೇ ಉಳಿದಿದ್ದೇನೆ. ಪರದೆಯ ಹಿಂದೆ ಕೂತು ಇಡೀ ಸರ್ಕಸ್ಸಿಗೆ ಸದ್ದು ಕೊಟ್ಟವನು ನಾನು. ಹಗ್ಗದ ಮೇಲೆ ನಡೆಯುವವಳಿಗೆ ಡ್ರಮ್ಮು, ಜೋಕರ್ ಬಿದ್ದರೆ ಧೊಪ್ಪು. ಜೋಕರ್ ಬಿದ್ದದ್ದಕ್ಕೆ ಜನ ನಗುತ್ತಾರೆಂದು ಎಲ್ಲರೂ ತಿಳಿದಿದ್ದಾರೆ. ಇಲ್ಲ. ಆ ಧೊಪ್ಪಿಗೆ ನಗುತ್ತಾರೆ. ಸದ್ದಿಲ್ಲದೆ ಬಿದ್ದವನನ್ನು ಕಂಡರೆ ಅಯ್ಯೋ ಪಾಪ ಅನ್ನುತ್ತಾರೆ, ಅಷ್ಟೇ.

ತಂಗಿಯ ಮಗಳು, ನನಗೆ ಸೊಸೆ, ಆನ್‌ಲೈನ್ ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಾಳೆ. ಮುಂದಿನ ಕೋಣೆಯೇ ಅವಳ ಶಾಲೆ. ಸದ್ದು ಗುಂಯ್‌ಗುಡಬಾರದೆಂದು ಗೋಡೆಗೆಲ್ಲ ಹಳೆಯ ರಜಾಯಿ ನೇತುಹಾಕಿದ್ದಾಳೆ. ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಕೂತು ಕ್ಯಾಮೆರಾ ಆಫ್ ಮಾಡಿ ನಿದ್ದೆ ಹೊಡೆಯುತ್ತವೆ. "ಮಾವ, ಪಾಠದ ಮೊದಲು ಒಂದು ಸಣ್ಣ ಟ್ಯೂನು, ಮಧ್ಯೆ ಒಂದು, ಕೊನೆಗೊಂದು. ನಾನು ವಿವರಿಸುವಾಗ ಮಾತ್ರ ಸದ್ದೇ ಬೇಡ. ಎರಡೂ ಒಟ್ಟಿಗೆ ಕೇಳಿದರೆ ತಲೆಗೆ ಯಾವುದೂ ಹೋಗಲ್ಲ" ಅಂದಳು. ನನಗೆ ನಿಯಮ ಹೇಳುತ್ತಾಳೆ. ಇವಳು ತೊಟ್ಟಿಲಲ್ಲಿದ್ದಾಗ ಇವಳ ಅಳುವಿಗೇ ತಾಳ ಹಾಕಿ ಮಲಗಿಸಿದವನು ನಾನು.

ಜೂನ್ ೧೪, ಶುಕ್ರವಾರ

ಅವಮಾನ. ನಾಲ್ಕು ದಿನ ನುಡಿಸಿದ್ದೇ ನುಡಿಸಿದ್ದು, ಮಕ್ಕಳಿಗೆ ಒಂದು ಸ್ವರವೂ ಮುಟ್ಟಿಲ್ಲವಂತೆ. ಆ ಕಂಪ್ಯೂಟರು ಮನುಷ್ಯರ ಮಾತನ್ನು ಮಾತ್ರ ಬಿಟ್ಟುಕೊಂಡು ಉಳಿದದ್ದನ್ನೆಲ್ಲ ಗಲಾಟೆ ಎಂದು ತಿಳಿದು ಒರೆಸಿಹಾಕುತ್ತದಂತೆ. ಫ್ಯಾನಿನ ಸದ್ದು, ನಾಯಿ ಬೊಗಳುವುದು, ನನ್ನ ಸಂಗೀತ, ಎಲ್ಲ ಒಂದೇ ಬುಟ್ಟಿಗೆ.

ತಂಗಿ ಬಿದ್ದು ಬಿದ್ದು ನಕ್ಕಳು. "ಯಂತ್ರ ಆದ್ರೂ ನಿಜ ಹೇಳ್ತಲ್ಲ ಅಣ್ಣಾ."

ಸೊಸೆ ಎಲ್ಲೋ ಒಂದು ಗುಂಡಿ ಒತ್ತಿ, ಕೀಬೋರ್ಡಿನಿಂದ ಎರಡು ವೈರು ಎಳೆದು ನೇರವಾಗಿ ಸಿಕ್ಕಿಸಿದಳು. ಎಡಕ್ಕೊಂದು, ಬಲಕ್ಕೊಂದು. ಈಗ ಕೇಳುತ್ತದೆ.

ಜೂನ್ ೨೦, ಗುರುವಾರ

ಕ್ಲಾಸು ಈಗ ಎದ್ದು ಕೂತಿದೆ. ಸರಿ ಉತ್ತರಕ್ಕೆ ಗಂಟೆ, ತಪ್ಪು ಉತ್ತರಕ್ಕೆ ಜೋಕರನ ಧೊಪ್ಪು. ಇದು ಸೊಸೆ ಹೇಳಿದ್ದಲ್ಲ, ನನ್ನದೇ ಬುದ್ಧಿ. ಮೊದಲ ಧೊಪ್ಪಿಗೆ ಅವಳು ನನ್ನ ಕಡೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಪರದೆಯ ತುಂಬ ನಗು. ಮುಚ್ಚಿದ್ದ ಕ್ಯಾಮೆರಾಗಳು ಒಂದೊಂದಾಗಿ ತೆರೆದುಕೊಂಡವು.

"ಮಿಸ್, ಅದ್ಯಾರು ನುಡಿಸೋದು?"

"ನಮ್ಮ ಮಾವ."

ಅಲ್ಲಿಂದ ನನ್ನ ಹೆಸರು ಮ್ಯೂಸಿಕ್ ಮಾವ. ಪಾಠಕ್ಕೆ ಮುಂಚೆಯೇ ಬಂದು ಕಾಯುತ್ತವೆ. ಬೇಕೆಂದೇ ತಪ್ಪು ಉತ್ತರ ಹೇಳುವವರೂ ಇದ್ದಾರೆ. ಶಾಲೆಯವರು ಸೊಸೆಗೆ ಫೋನು ಮಾಡಿ, ನಿಮ್ಮ ಕ್ಲಾಸಿಗೆ ಹಾಜರಿ ಚೆನ್ನಾಗಿದೆ ಅಂದರಂತೆ. ಯಾರ ಹಾಜರಿ ಅದು? ನಾನೇನೂ ಬಾಯಿಬಿಟ್ಟು ಹೇಳಲಿಲ್ಲ. ಊಟಕ್ಕೆ ಕೂತಾಗ ಒಂದೆರಡು ಸಲ ಕೆಮ್ಮಿದೆ ಅಷ್ಟೇ.

ಜೂನ್ ೨೭, ಗುರುವಾರ

ಇವತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕ ದಿನ.

ಒಬ್ಬ ಹುಡುಗಿ ಇದ್ದಾಳೆ. ಯಾವತ್ತೂ ಬಾಯಿ ಬಿಡದವಳು, ಎಲ್ಲ ಉತ್ತರವನ್ನೂ ಟೈಪ್ ಮಾಡಿ ಕಳಿಸುವವಳು. ಸೊಸೆ ಇವತ್ತು, "ಒಂದು ಸಲ ನೀನು ಬಾಯಲ್ಲೇ ಹೇಳಮ್ಮ, ನಾವೆಲ್ಲ ಕಾಯ್ತೀವಿ" ಅಂದಳು. ಮೈಕು ತೆರೆಯಿತು. "ಮಿ-ಮಿ-ಮಿ" ಅಂತು. ಮತ್ತೆ "ಮಿ-ಮಿ". ಅಲ್ಲೇ ನಿಂತಿತು. ತೊದಲುಮಾತು.

ನನ್ನ ಕೀಬೋರ್ಡಿನಲ್ಲಿ ಜೋಕರನ ಮುರುಕಲು ಕಾರಿಗೆಂದು ಇಟ್ಟ ಸದ್ದೊಂದಿದೆ. ಕೀಲಿ ತಿರುವಿದರೂ ಸ್ಟಾರ್ಟ್ ಆಗದ ಇಂಜಿನ್ನು. ಗರ್ರ್, ಗರ್ರ್, ಗರ್ರ್, ಕೊನೆಗೆ ಟುಸ್. ಬೆರಳು ತಾನಾಗಿಯೇ ಹೋಯಿತು. ಹುಡುಗಿಯ "ಮಿ-ಮಿ" ಮುಗಿಯುವುದಕ್ಕೂ ನನ್ನ ಗರ್ರ್ ಸೇರುವುದಕ್ಕೂ ಎಂಥ ಜೋಡಿ ಅಂತೀರಿ. ಇಡೀ ಸರ್ಕಸ್ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಒಂದು ಸದ್ದು ಕೂತದ್ದಿಲ್ಲ. ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡಿದರು. ಒಬ್ಬ, "ತಳ್ರೋ ಗಾಡಿನ" ಅಂದ. ಗಾಡಿ ಅನ್ನುವ ಹೆಸರು ಅಲ್ಲೇ ಅಂಟಿತು. ಹುಡುಗಿಯ ಚೌಕ ಪರದೆಯಿಂದ ಮಾಯವಾಯಿತು.

ಕ್ಲಾಸು ಮುಗಿದ ಮೇಲೆ ಸೊಸೆ ಲ್ಯಾಪ್‌ಟಾಪ್ ಮುಚ್ಚಿ ಚಾರ್ಜರಿನ ವೈರು ಸುತ್ತಿದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

"ತಮಾಷೆಗೆ ಮಾಡಿದ್ದು ಕಣೇ."

"ಗೊತ್ತು ಮಾವ. ನೀವು ಎಲ್ಲಾನೂ ತಮಾಷೆಗೇ ಮಾಡೋದು."

ಜುಲೈ ೨, ಮಂಗಳವಾರ

ಗಾಡಿಯ ಅಮ್ಮ ಸೊಸೆಗೆ ಫೋನು ಮಾಡಿದ್ದಳು. ಆಸ್ಪತ್ರೆಯಲ್ಲಿ ನರ್ಸಂತೆ. ಹುಡುಗಿಯನ್ನು ನಿಜವಾದ ಶಾಲೆಯಿಂದ ಬಿಡಿಸಿದ್ದೇ ಮಕ್ಕಳು ಅಣಕಿಸುತ್ತಾರೆಂದು. ಮನೆಯಲ್ಲೇ ಕೂತು ಕಲಿತರೆ ನಗುವವರು ಇರುವುದಿಲ್ಲ ಅಂದುಕೊಂಡಿದ್ದಳಂತೆ. ಬರುವ ವರ್ಷ ಮತ್ತೆ ಒಂದು ಒಳ್ಳೆಯ ಶಾಲೆಗೆ ಸೇರಬೇಕೆಂದು ಹುಡುಗಿಗೇ ಆಸೆ. ಅಲ್ಲಿ ಸೇರಿಸಿಕೊಳ್ಳಬೇಕಾದರೆ ಸೆಪ್ಟೆಂಬರಿನಲ್ಲಿ ಬಾಯಿ ಪರೀಕ್ಷೆ. ಶಾಲೆಯ ಹೆಡ್ ಮೇಡಂ ಆನ್‌ಲೈನಿನಲ್ಲಿ ಬಂದು ಪ್ರಶ್ನೆ ಕೇಳುತ್ತಾರೆ, ಹುಡುಗಿ ಬಾಯಲ್ಲೇ ಉತ್ತರಿಸಬೇಕು. ಈಗ ಆ ಗರ್ರ್ ಕೇಳಿದ ಮೇಲೆ ಲ್ಯಾಪ್‌ಟಾಪ್ ಹತ್ತಿರವೇ ಬರುತ್ತಿಲ್ಲವಂತೆ.

"ಶನಿವಾರ ಅವಳೊಬ್ಬಳಿಗೇ ಕ್ಲಾಸ್ ಇಡ್ತೀನಿ. ನೀವೂ ಕೂತು ಕ್ಷಮೆ ಕೇಳಬೇಕು" ಅಂದಳು ಸೊಸೆ.

ಹುಲಿಯ ಎದುರಿಗೆ ನಿಂತವನು ನಾನು. ಹದಿಮೂರು ವರ್ಷದ ಹುಡುಗಿಯ ಎದುರು ಕ್ಷಮೆ ಕೇಳಬೇಕಂತೆ.

ಜುಲೈ ೬, ಶನಿವಾರ

ಕ್ಷಮೆ ಕೇಳಲಿಲ್ಲ. ಅದಕ್ಕಿಂತ ದೊಡ್ಡದನ್ನು ಮಾಡಿದೆ. ಎಲ್ಲ ವಿವರವಾಗಿ ಬರೆದಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ಇರಲಿ.

ಹುಡುಗಿ ಬಂದಳು. ಸಣ್ಣ ಮುಖ, ಕಿವಿಯ ಮೇಲೆ ದೊಡ್ಡ ಹೆಡ್‌ಫೋನು. ಸೊಸೆ ನನ್ನ ಮೊಣಕೈ ತಿವಿದಳು. ಬಾಯಿ ತೆರೆದೆ. ಆ ಮಾತು ನನ್ನ ಬಾಯಿಗೆ ರೂಢಿಯಿಲ್ಲ. ಅದರ ಬದಲು ಕೈ ಕೀಬೋರ್ಡಿಗೆ ಹೋಯಿತು. ಉಯ್ಯಾಲೆಯಾಟದವರಿಗೆ ನುಡಿಸುತ್ತಿದ್ದ ಒಂದು ಸುತ್ತು ರಾಗ, ಹೋಗಿ ಬರುವಂಥದ್ದು. ಸುಮ್ಮನೆ ನುಡಿಸಿದೆ. ಹುಡುಗಿ ಗುನುಗಿದಳು. ಒಂದೂ ಸ್ವರ ತಪ್ಪಲಿಲ್ಲ.

"ಎದುರಿಗೆ ಪುಸ್ತಕ ಇದೆಯಾ? ಅದರಲ್ಲಿರೋದನ್ನೇ ಇದರ ಮೇಲೆ ಹೇಳು ನೋಡೋಣ" ಅಂದೆ.

ರಕ್ತ ಪರಿಚಲನೆಯ ಪಾಠ ತೆರೆದಿತ್ತು. ಹೇಳಿದಳು, ಹೇಳುತ್ತಲೇ ಹೋದಳು. ಪ ಅಕ್ಷರ ಇರಲಿ ಮ ಅಕ್ಷರ ಇರಲಿ, ಎಲ್ಲೂ ತಡೆಯಲಿಲ್ಲ. ಸೊಸೆ ಬಾಯಿ ಮುಚ್ಚಿಕೊಂಡು ನಿಂತಳು. ಆ ಕಡೆ ಅಮ್ಮನೂ ಬಂದು ನಿಂತದ್ದು ಕಂಡಿತು, ಕೆಲಸದ ಬಟ್ಟೆಯಲ್ಲೇ.

ಒಂದು ತೊಡಕು. ನಾನು ನುಡಿಸಿದ್ದು ಅವಳಿಗೆ ತಡವಾಗಿ ಮುಟ್ಟುತ್ತದೆ, ಅವಳು ಹೇಳಿದ್ದು ನನಗೆ ಇನ್ನೂ ತಡವಾಗಿ. ಅವಳಿಗಾಗಿ ಕಾದರೆ ನಾನು ನಿಧಾನ, ನಾನು ನಿಧಾನವಾದರೆ ಅವಳೂ ನಿಧಾನ, ಇಬ್ಬರೂ ಹಳ್ಳಕ್ಕೆ. ಅದಕ್ಕೆ ನಾನು ಅವಳನ್ನು ಕೇಳಿಸಿಕೊಳ್ಳಲೇಬಾರದು. ನನ್ನ ಪಾಡಿಗೆ ನಾನು ನುಡಿಸುತ್ತಿರಬೇಕು. ಅವಳೇ ನನ್ನ ಹಿಂದೆ ಬರಬೇಕು. ಇದನ್ನು ಕಂಡುಹಿಡಿದದ್ದೂ ನಾನೇ.

ಜುಲೈ ೧೯, ಶುಕ್ರವಾರ

ಸೊಸೆಯ ಪಾಠವನ್ನು ಹಿಂಡಿ ನಾಲ್ಕು ಸಾಲು ಮಾಡಿದೆ. ಸಾಲಿಗೊಂದು ಸುತ್ತು.

ದೇಹದಿಂದ ಬಂದ ರಕ್ತ ಹೃದಯದ ಬಲಕ್ಕೆ, ಬಲದಿಂದ ಹೊರಟದ್ದು ಶ್ವಾಸಕೋಶಕ್ಕೆ, ಗಾಳಿ ತುಂಬಿ ಬಂತು ಹೃದಯದ ಎಡಕ್ಕೆ, ಎಡದಿಂದ ಹೊರಟಿತು ಮತ್ತೆ ದೇಹಕ್ಕೆ.

"ಗಾಳಿ ಅಲ್ಲ ಮಾವ, ಆಮ್ಲಜನಕ."

"ಆಮ್ಲಜನಕ ರಾಗಕ್ಕೆ ಕೂರಲ್ಲ."

"ಕೂರಿಸಿ. ಗಾಳಿ ಅಂದ್ರೆ ಹೃದಯ ಟುಸ್ ಅನ್ನುತ್ತೆ."

ಕೂರಿಸಿದೆ. ಇವತ್ತು ಇಡೀ ಕ್ಲಾಸಿನ ಮುಂದೆ ಹುಡುಗಿ ಅದನ್ನು ಹೇಳಿದಳು. ಒಬ್ಬರೂ ನಗಲಿಲ್ಲ. ತಳ್ರೋ ಅಂದಿದ್ದ ಹುಡುಗ, "ಮಾವ, ನನಗೂ ಒಂದು ರಾಗ ಮಾಡಿಕೊಡಿ" ಅಂದ. ಮಾಡಲ್ಲ ಅಂದೆ. ಎಲ್ಲರಿಗೂ ಹಂಚುವುದಕ್ಕೆ ಅದೇನು ಪೆಪ್ಪರ್‌ಮೆಂಟೇ?

ಹುಡುಗಿಯ ಅಮ್ಮ ಫೋನಿನಲ್ಲಿ ಅತ್ತಳು. "ನೀವು ದೇವರ ಹಾಗೆ ಬಂದ್ರಿ ಅಣ್ಣ" ಅಂದಳು. ಇದು ನಾನು ಸೇರಿಸಿ ಬರೆದದ್ದಲ್ಲ, ಅವಳೇ ಅಂದದ್ದು. ತಂಗಿಗೆ ಫೋನು ಕೊಟ್ಟು ಇನ್ನೊಂದು ಸಲ ಹೇಳಿಸಬೇಕೆಂದಿದ್ದೆ, ಅಷ್ಟರಲ್ಲಿ ಇಟ್ಟುಬಿಟ್ಟಳು.

ಆಗಸ್ಟ್ ೩, ಶನಿವಾರ

ಈಗ ದಿನಾ ಸಂಜೆ ನನಗೂ ಹುಡುಗಿಗೂ ಅಭ್ಯಾಸ. ಸೊಸೆ ಇರುತ್ತಾಳೆ, ಪಕ್ಕದಲ್ಲಿ ಎಲ್ಲೋ. ಹುಡುಗಿ ಪರದೆಗೆ ಬರುವ ಮೊದಲೇ ಕೀಬೋರ್ಡು ಒರೆಸಿ ಕೂತಿರುತ್ತೇನೆ.

ತಂಗಿ ಬಾಗಿಲಲ್ಲಿ ನಿಂತು, "ಏನಣ್ಣಾ, ಗಡ್ಡ ಬೋಳಿಸಿದ್ದೀ, ಅಂಗಿ ಇಸ್ತ್ರಿ ಆಗಿದೆ. ಹಳ್ಳಿ ಮೇಷ್ಟ್ರ ಗತ್ತೇ ಬಂದುಬಿಟ್ಟಿದೆ" ಅಂದಳು.

"ಕಲಾವಿದರು ಹೀಗೇ ಇರೋದು."

"ಇಷ್ಟು ದಿನ ಎಲ್ಲಿದ್ದ ಆ ಕಲಾವಿದ? ಒಂದೇ ಲುಂಗೀಲಿ ವಾರ ಕಳೀತಿದ್ದೆಯಲ್ಲ."

ಹುಡುಗಿ ನಗುತ್ತಾಳೆ ಈಗ. ಗಾಡಿ ಅಂದರೂ ನಗುತ್ತಾಳೆ, ನಾನು ಅಂದರೆ ಮಾತ್ರ. ಭಾನುವಾರ ಅಭ್ಯಾಸವಿಲ್ಲ. ಭಾನುವಾರಗಳು ಇಷ್ಟು ಉದ್ದ ಇದ್ದದ್ದು ಗೊತ್ತಿರಲಿಲ್ಲ.

ಆಗಸ್ಟ್ ೧೬, ಶುಕ್ರವಾರ

ಸೊಸೆ ಹೊಸ ಯೋಚನೆ ತೆಗೆದಿದ್ದಾಳೆ. ಪರೀಕ್ಷೆಯಲ್ಲಿ ಸಂಗೀತ ಇರುವುದಿಲ್ಲ, ಹಾಗಾಗಿ ಈಗಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯಬೇಕಂತೆ. ಮೊದಲು ಪೂರ್ತಿ ರಾಗದ ಬದಲು ಬರೀ ತಾಳ. ಆಮೇಲೆ ಬರೀ ಮೊದಲ ಸ್ವರ. ಆಮೇಲೆ ಏನೂ ಇಲ್ಲ.

"ಅವಳು ಕೇಳಿದ್ದಾಳಾ ತೆಗೀರಿ ಅಂತ?"

"ಅವಳು ಕೇಳಲ್ಲ ಮಾವ. ನಾವೇ ತೆಗೀಬೇಕು. ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದಿರ್ತೀವಿ, ಒಂದು ಕಡೆ ಕೈ ಬಿಡ್ತೀವಿ ಅಲ್ವಾ?"

ನನಗೆ ಸೈಕಲ್ ಕಲಿಸಿದವನು ಕೈ ಬಿಟ್ಟ ಜಾಗದಲ್ಲಿ ಚರಂಡಿ ಇತ್ತು. ಅದನ್ನು ಹೇಳಿದೆ. ನಗಲಿಲ್ಲ.

ಇವತ್ತು ಬರೀ ತಾಳ. ಟಕ್, ಟಕ್. ಗಡಿಯಾರ ಮಾಡುವ ಕೆಲಸ. ಹುಡುಗಿ ಎರಡು ಕಡೆ ತಡವರಿಸಿದಳು, ಆದರೂ ಮುಗಿಸಿದಳು. ಸೊಸೆ ಚಪ್ಪಾಳೆ ತಟ್ಟಿದಳು. ನನಗೇನೂ ಅಂಥ ಚೆನ್ನಾಗಿ ಕೇಳಲಿಲ್ಲ.

ಆಗಸ್ಟ್ ೨೪, ಶನಿವಾರ

"ಮಾವ, ಇ-ಇವತ್ತು ನುಡಿಸಬೇಡಿ. ನಾ-ನಾನೇ ಹೇಳ್ತೀನಿ."

ಹೇಳಿದಳು. ಸಾಲು ಬಿಟ್ಟು ತನ್ನದೇ ಮಾತಿನಲ್ಲಿ. ತಡೆದಲ್ಲಿ ಗಾಬರಿಯಾಗದೆ ಒಂದು ಉಸಿರು ತೆಗೆದುಕೊಳ್ಳುವುದು, ಮತ್ತೆ ಹೊರಡುವುದು. ಸೊಸೆ ಕಲಿಸಿದ್ದಂತೆ ಅದು. ನನಗೆ ಹೇಳಿರಲಿಲ್ಲ.

ರಾತ್ರಿ ಊಟ ಬೇಡವೆನಿಸಿತು. ಹೊಟ್ಟೆ ಸರಿಯಿಲ್ಲ.

ಆಗಸ್ಟ್ ೨೯, ಗುರುವಾರ

ಒಂದು ಸಣ್ಣ ತಮಾಷೆ ಮಾಡಿದೆ. ಕ್ಲಾಸಿನಲ್ಲಿ ಎಲ್ಲರೂ, ಹಾಡು ಹೇಳು ಹಾಡು ಹೇಳು ಎಂದು ಹುಡುಗಿಯ ಬೆನ್ನು ಬಿದ್ದರು. ಸರಿ ಎಂದು ರಾಗ ಹಿಡಿದೆ. ಎರಡನೇ ಸುತ್ತಿನಿಂದ ಸ್ವಲ್ಪ ವೇಗ ಏರಿಸಿದೆ. ಮೂರನೆಯದಕ್ಕೆ ಇನ್ನೂ ಸ್ವಲ್ಪ. ಹುಡುಗಿ ಓಡಿ ಓಡಿ ಹಿಡಿಯಲು ನೋಡಿ ಆಮ್ಲಜನಕದ ಹತ್ತಿರ ಮುಗ್ಗರಿಸಿದಳು. "ಆ-ಆ-ಆ-ಆ". ಕ್ಲಾಸು ನಕ್ಕಿತು. ಹುಡುಗಿಯೂ ನಕ್ಕಳು, ಇನ್ನೇನು ಮಾಡುತ್ತಾಳೆ. ಆಮೇಲೆ ಸಂಜೆ ಅಭ್ಯಾಸಕ್ಕೆ ಬಂದು, "ಮಾವ, ನನಗೆ ಇ-ಇನ್ನೂ ರಾಗ ಬೇಕೇನೋ" ಅಂದಳು.

ಬೇಕೇ ಬೇಕು, ನಾನು ಎಲ್ಲಿ ಓಡಿಹೋಗುತ್ತೇನೆ ಅಂದೆ. ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಸೊಸೆಗೆ ಗೊತ್ತಾಗಿದೆ. "ವೇಗ ಹೆಚ್ಚಿಸಿದ್ದು ಯಾಕೆ ಮಾವ?" ಅಂದಳು. ಕೈ ಜಾರಿತು ಅಂದೆ. ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು.

ಸೆಪ್ಟೆಂಬರ್ ೯, ಸೋಮವಾರ

ಪರೀಕ್ಷೆ ಇವತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಯಾಕೆಂದರೆ ಈ ಮನೆಯಲ್ಲಿ ಇಬ್ಬರೂ ಬೇರೆ ಥರ ಹೇಳುತ್ತಿದ್ದಾರೆ.

ಬೆಳಿಗ್ಗೆಯೇ ಸೊಸೆ, "ಮಾವ, ಇವತ್ತು ಕೀಬೋರ್ಡಿನ ವೈರು ತೆಗೆದುಬಿಡಿ" ಅಂದಳು. ತೆಗೆದೆ. ಎಡದ್ದನ್ನು ತೆಗೆದೆ. ಬಲದ್ದು ಹಾಗೇ ಇತ್ತು. ಅವಳು ವೈರುಗಳು ಅನ್ನಲಿಲ್ಲ.

ಪರದೆಯಲ್ಲಿ ಮೂರು ಚೌಕ. ಒಂದರಲ್ಲಿ ಸೊಸೆ. ಒಂದರಲ್ಲಿ ಹೆಡ್ ಮೇಡಂ, ಕನ್ನಡಕದವರು, ಹಿಂದೆ ಟ್ರೋಫಿಗಳ ಕಪಾಟು. ಒಂದರಲ್ಲಿ ಹುಡುಗಿ, ಎರಡು ಜಡೆ, ಹೊಸ ಅಂಗಿ. ಅವಳ ಹಿಂದೆ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ನಾನು ಪರದೆಗೆ ಕಾಣದ ಹಾಗೆ ಕೀಬೋರ್ಡಿನ ಮುಂದೆ ಕೂತಿದ್ದೆ. ಬೇರೆಲ್ಲಿ ಕೂರಲಿ? ಅದು ನನ್ನ ಜಾಗ.

ಹೆಡ್ ಮೇಡಂ ಒಳ್ಳೆಯ ದನಿಯಲ್ಲೇ ಕೇಳಿದರು. "ನಮ್ಮ ಮೈಯಲ್ಲಿ ರಕ್ತ ಹೇಗೆ ಓಡಾಡುತ್ತೆ, ನಿನ್ನ ಮಾತಲ್ಲೇ ಹೇಳಮ್ಮ. ಅವಸರ ಇಲ್ಲ."

"ದೇಹದಿಂದ ಬ-ಬರೋ ರಕ್ತ ಮೊದಲು ಹೃದಯದ ಬಲಗಡೆಗೆ ಸೇರುತ್ತೆ ಮೇಡಂ. ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತೆ. ಅದಕ್ಕೇ ಅದು ಶ್ವಾಸಕೋಶಕ್ಕೆ ಹೋ-ಹೋಗಬೇಕು."

"ಹೂಂ. ಹೋಗಿ?"

"ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಾಳಿಚೀಲ ಇರ್ತವೆ. ಅವುಗಳ ಸುತ್ತ ತುಂಬ ತೆಳು ನಾಳಗಳು."

ನಾಳಗಳು ನನ್ನ ಸಾಲಿನಲ್ಲಿ ಇಲ್ಲ, ಗಾಳಿಚೀಲವೂ ಇಲ್ಲ. ಅವೆಲ್ಲ ಎಲ್ಲಿಂದ ಬಂದವು? ಹುಡುಗಿ ಮಾತಾಡುತ್ತಿದ್ದಳು, ಕೈ ಆಡಿಸಿ ಮಾತಾಡುತ್ತಿದ್ದಳು. ಸುತ್ತೂ ಇಲ್ಲ, ರಾಗವೂ ಇಲ್ಲ, ನಾನು ಈ ಮನೆಯಲ್ಲಿ ಇದ್ದೇನೆಂಬುದೂ ಇಲ್ಲ. ಸೊಸೆ ಮೇಜಿನ ಕೆಳಗೆ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ನಗುತ್ತಿದ್ದಳು.

"ಅಲ್ಲಿ," ಅಂದಳು ಹುಡುಗಿ, ಉಸಿರು ತೆಗೆದುಕೊಂಡಳು.

ನುಡಿಸಿದೆ. ಮೆಲ್ಲಗೆ ನುಡಿಸಿದೆ. ಮೂರನೇ ಸುತ್ತಿನ ಶುರು, ಆಮ್ಲಜನಕ ತುಂಬಿ ಬಂತು ಅನ್ನುವ ಜಾಗ. ನೆರವಾಗಲಿ ಎಂದು.

ಅವಳಿಗೆ ಅದು ಮುಟ್ಟಿದ್ದು ಸ್ವಲ್ಪ ತಡವಾಗಿ. ಮುಟ್ಟಿದ ಗಳಿಗೆ ಗೊತ್ತಾಯಿತು. ಕೈ ಆಡಿಸುತ್ತಿದ್ದದ್ದು ನಿಂತಿತು. ಬಾಯಿ ರಾಗಕ್ಕೆ ಬಿತ್ತು. "ಆಮ್ಲಜನಕ ತುಂಬಿ ಬಂತು ಹೃದಯದ ಎಡಕ್ಕೆ" ಎಂದು ಹಾಡಿಯೇಬಿಟ್ಟಳು.

ಹೆಡ್ ಮೇಡಂ ತಲೆ ಎತ್ತಿದರು. "ಹಾಡು ಬೇಡಮ್ಮ, ಹೇಳು."

ಹುಡುಗಿ ಹೇಳಲು ನೋಡಿದಳು, ಆದರೆ ರಾಗ ಹೋಗುತ್ತಲೇ ಇತ್ತು. ನಡುವೆ ನಿಲ್ಲಿಸಿದರೆ ಅವಳು ಬೀಳುತ್ತಾಳೆ ಎಂದು ನಾನು ನಿಲ್ಲಿಸಲಿಲ್ಲ. ಸೊಸೆ ನನ್ನ ಕಡೆ ತಿರುಗಿದಳು. ಆ ಮುಖ ಕಂಡು ನಿಲ್ಲಿಸಿದೆ. ಹುಡುಗಿ "ಎಡಕ್ಕೆ" ಅನ್ನುವಲ್ಲಿ ಇದ್ದಳು. "ಎಡಕ್ಕೆ ಎ-ಎ-ಎ" ಅಲ್ಲಿಂದ ಮುಂದೆ ಹೋಗಲಿಲ್ಲ.

"ಯಾರು ನುಡಿಸ್ತಿರೋದು?" ಅಂದರು ಹೆಡ್ ಮೇಡಂ. ದನಿ ಬೇರೆಯಾಗಿತ್ತು. "ಟೀಚರ್, ಇದು ಗುರುತು ಕೊಟ್ಟು ಹೇಳಿಸೋದು ಅಲ್ವಾ? ಬಾಯಿಪಾಠ ಮಾಡಿಸಿ, ಸಂಗೀತದಲ್ಲಿ ಎಳೆ ಎತ್ತಿಕೊಡ್ತಿದ್ದೀರಾ?"

"ಇಲ್ಲ ಮೇಡಂ. ಅವಳು ಈಗ ಹೇಳಿದ್ದೆಲ್ಲ ಅವಳ ಮಾತೇ. ದಯವಿಟ್ಟು ಇನ್ನೊಂದು ಪ್ರಶ್ನೆ ಕೇಳಿ."

ಕೇಳಿದರು. ಪುಣ್ಯಾತ್ಮರು, ಎರಡು ಕೇಳಿದರು. ಹುಡುಗಿ ಬಾಯಿ ತೆರೆದುಕೊಂಡು ಕೂತಿದ್ದಳು. ಉಸಿರು ಬರುತ್ತಿತ್ತು, ಮಾತು ಬರಲಿಲ್ಲ. ಕಣ್ಣು ಪರದೆಯಲ್ಲಿ ಏನನ್ನೋ ಹುಡುಕುತ್ತಿತ್ತು. ರಾಗಕ್ಕೆ ಕಾಯುತ್ತಿದ್ದಳು ಅಂತ ನನಗೆ ಗೊತ್ತು. ಬಲದ ವೈರು ಸೊಸೆಯ ಕೈಯಲ್ಲಿತ್ತು ಆಗ, ಕಿತ್ತುಕೊಂಡಿದ್ದಳು. ಅಮ್ಮ ಬಂದು ಲ್ಯಾಪ್‌ಟಾಪ್ ಮುಚ್ಚಿದಳು.

ಸೊಸೆ ಬಹಳ ಮೆಲ್ಲಗೆ ಕೇಳಿದಳು. "ಚೆನ್ನಾಗೇ ಹೇಳ್ತಿದ್ಲಲ್ಲ ಮಾವ."

"ನಿಂತುಬಿಟ್ಟಿದ್ದಳು ಕಣೇ."

"ಉಸಿರು ತಗೊಂಡಳು."

ಉಸಿರಿಗೂ ನಿಲ್ಲುವುದಕ್ಕೂ ಇಲ್ಲಿ ಕೂತು ಹೇಗೆ ವ್ಯತ್ಯಾಸ ತಿಳಿಯಬೇಕು? ಸದ್ದು ತಡವಾಗಿ ಬರುತ್ತದೆ ಎಂದು ಇವಳಿಗೆ ಗೊತ್ತಿಲ್ಲವೇ?

ಸೆಪ್ಟೆಂಬರ್ ೧೦, ಮಂಗಳವಾರ

ಸೇರಿಸಿಕೊಳ್ಳುವುದಿಲ್ಲ ಎಂದು ಶಾಲೆಯಿಂದ ಉತ್ತರ ಬಂತು. ಸೊಸೆ ದೊಡ್ಡ ಉತ್ತರ ಬರೆದು ಕಳಿಸಿದಳು, ತಪ್ಪು ಹುಡುಗಿಯದಲ್ಲ, ನಮ್ಮ ಮನೆಯವರದು ಎಂದು. ನಮ್ಮ ಮನೆಯವರು ಅಂದರೆ ನಾನು.

ಸೆಪ್ಟೆಂಬರ್ ೧೪, ಶನಿವಾರ

ಕೀಬೋರ್ಡು ಅಟ್ಟದ ಮೇಲಿದೆ. ತಂಗಿಯೇ ಬಟ್ಟೆ ಸುತ್ತಿ ಇಟ್ಟಳು. "ಧೂಳು ಕೂರುತ್ತೆ ಅಣ್ಣಾ, ಅದಕ್ಕೆ" ಅಂದಳು.

ಕ್ಲಾಸಿನ ಹೊತ್ತಿಗೆ ನಾನು ಜಗಲಿಯಲ್ಲಿ. ಬಾಗಿಲು ಮುಚ್ಚಿದರೂ ರಜಾಯಿಗಳ ಸಂದಿಯಿಂದ ಕೇಳುತ್ತದೆ. ಗಂಟೆಯಿಲ್ಲ, ಧೊಪ್ಪಿಲ್ಲ. ಮ್ಯೂಸಿಕ್ ಮಾವ ಎಲ್ಲಿ ಎಂದು ಒಬ್ಬ ಕೇಳಿದ. ಊರಿಗೆ ಹೋಗಿದ್ದಾರೆ ಅಂದಳು ಸೊಸೆ. ಯಾವ ಊರಿಗೆ? ಹೋಗಲು ನನಗೆ ಯಾವ ಊರಿದೆ?

ಹಾಜರಿಯಲ್ಲಿ ಹುಡುಗಿಯ ಹೆಸರು ಕರೆದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಟೈಪ್ ಮಾಡಿದ್ದೀಯ, ಸರಿ" ಅಂದಳು.

ಹಾಜರಿಯಂತೂ ಇದೆ.

ಸೆಪ್ಟೆಂಬರ್ ೧೯, ಗುರುವಾರ

ಸರ್ಕಸ್ಸಿನ ಹುಲಿಯ ಕತೆ ತೆಗೆದೆ. ತಂಗಿ ಕೊನೆಯವರೆಗೂ ಕೇಳಿಸಿಕೊಂಡಳು. ಮೊಳ ಲೆಕ್ಕ ಹಾಕಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದಳು. ಇವಳಿಗೂ ಹೊಟ್ಟೆ ಸರಿಯಿಲ್ಲವೇನೋ.

ಸೆಪ್ಟೆಂಬರ್ ೨೩, ಸೋಮವಾರ

ಮಧ್ಯಾಹ್ನ ಸೊಸೆ ಫೋನು ಹಿಡಿದು ಜಗಲಿಗೆ ಬಂದಳು. ಇಷ್ಟು ದಿನದಲ್ಲಿ ನನ್ನ ಹತ್ತಿರ ಬಂದು ನಿಂತದ್ದು ಇವತ್ತೇ. "ಹುಡುಗಿಯ ಅಮ್ಮ. ನಿಮ್ಮ ಹತ್ರಾನೇ ಮಾತಾಡಬೇಕಂತೆ."

ಬೈಗುಳಕ್ಕೆ ತಯಾರಾಗಿ ಕಿವಿಗಿಟ್ಟೆ. ಅವಳು ಬೈಯಲಿಲ್ಲ.

"ಅಣ್ಣ, ಮನೇಲಿ ನೀರು ಬೇಕಾದ್ರೂ ಆ ರಾಗದಲ್ಲೇ ಕೇಳ್ತಾಳೆ. ಇಲ್ಲಾಂದ್ರೆ ಬಾಯೇ ಬಿಡಲ್ಲ. ಅಂಗಡೀಲಿ ಹಾಡಿದಳು ಅಂತ ಅಲ್ಲೂ ನಕ್ಕರು. ಆವತ್ತು ನೀನು ಚೆನ್ನಾಗೇ ಹೇಳ್ತಿದ್ದೆ ಅಂತ ನಾನು ಎಷ್ಟು ಹೇಳಿದ್ರೂ ನಂಬಲ್ಲ, ನೀನು ಅಮ್ಮ ಅಲ್ವಾ ಅದಕ್ಕೆ ಹಂಗಂತೀಯ ಅಂತಾಳೆ. ಮಿಸ್ ಹೇಳಿದ್ರೂ ನಂಬಲ್ಲ. ಮ್ಯೂಸಿಕ್ ಮಾವಂಗೆ ಮಾತ್ರ ಗೊತ್ತಾಗಿರುತ್ತೆ ಅಂತಾಳೆ. ಅವಳು ಏನೋ ಕೇಳ್ತಾಳಂತೆ, ಅದಕ್ಕೆ ಒಂದು ಮಾತು ನಿಜ ಹೇಳಿಬಿಡಿ ಅಣ್ಣ. ಅಷ್ಟು ಸಾಕು ನನಗೆ. ಬೇರೆ ಏನೂ ಕೇಳಲ್ಲ ನಿಮ್ಮನ್ನ."

ಫೋನು ಕೈ ಬದಲಾಯಿತು. ಉಸಿರಾಟ ಕೇಳಿತು.

"ಏನಮ್ಮ ಗಾಡಿ, ಹೇಗಿದ್ದೀ?" ಅಂದೆ.

ಬಹಳ ಹೊತ್ತು ಹಿಡಿಯಿತು ಅವಳಿಗೆ. ರಾಗ ಹಾಕಲಿಲ್ಲ. ಒಂದೊಂದು ಅಕ್ಷರವನ್ನೂ ಬೆಟ್ಟ ಹತ್ತಿಸಿದ ಹಾಗೆ ಹತ್ತಿಸಿದಳು.

"ಮಾ-ಮಾ-ಮಾವ. ಆ-ಆವತ್ತು. ನೀವು ನು-ನುಡಿಸೋಕೆ ಮುಂಚೆ. ನಾನು ನಿ-ನಿ-ನಿಂತಿದ್ನಾ?"

ಸೊಸೆ ಎದುರಿಗೇ ನಿಂತಿದ್ದಳು. ತಂಗಿ ಬಾಗಿಲಿಗೆ ಬಂದಿದ್ದಳು, ಒದ್ದೆ ಕೈಯಲ್ಲೇ. ಫೋನಿನ ದನಿ ಜೋರು, ಇಬ್ಬರಿಗೂ ಪ್ರಶ್ನೆ ಕೇಳಿಸಿತ್ತು.

ನಿಂತಿರಲಿಲ್ಲ ಅಂದರೆ ಆಮೇಲೆ ಏನೇನು ಅನ್ನಬೇಕಾಗುತ್ತದೆ. ಅದಕ್ಕೆ ಕೊನೆಯುಂಟೇ.

"ನಿಂತಿದ್ದೆ ಮಗಳೇ" ಅಂದೆ. "ಅದಕ್ಕೇ ನುಡಿಸಿದ್ದು."

ಸೊಸೆ ಫೋನು ಕಿತ್ತುಕೊಳ್ಳಲು ಕೈ ಚಾಚಿದಳು. ಅಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂದಿತ್ತು.

"ಸರಿ ಮಾವ" ಅಂದಳು ಹುಡುಗಿ, ರಾಗದಲ್ಲಿ. ನಾಲ್ಕನೇ ಸುತ್ತಿನ ಕೊನೆಯಲ್ಲಿ ಸ್ವರ ಕೆಳಗಿಳಿಯುತ್ತದಲ್ಲ, ಸರಿಯಾಗಿ ಅಲ್ಲೇ ಇಳಿಸಿದಳು.

ಶ್ರುತಿ ಎಳ್ಳಷ್ಟೂ ಕದಲಿರಲಿಲ್ಲ.